ಲಾಭದಿಂದ ಇಪ್ಪತ್ತರವರೆಗೆ

ನೀವು ಕಲ್ಯಾಣದುರ್ಗಕ್ಕೆ ಬಂದಿದ್ದರೆ ನನ್ನ ಧ್ವನಿ ಕೇಳಿಯೇ ಇರುತ್ತೀರಿ. ಬಸ್ ಸ್ಟ್ಯಾಂಡಿನ ಸುತ್ತ ಮೈಕ್ ಕಟ್ಟಿಕೊಂಡು ತಿರುಗುವ ಆಟೋಗಳಿವೆಯಲ್ಲ, ಸೀರೆ ಅಂಗಡಿಯ ರಿಯಾಯಿತಿ ಮಾರಾಟ, ಹೊಸ ಟ್ಯೂಷನ್ ಸೆಂಟರು, ಕೋಳಿ ಅಂಗಡಿಯ ಭಾನುವಾರದ ಆಫರ್, ಎಲ್ಲದಕ್ಕೂ ಕೂಗುವವಳು ನಾನೇ. ತೆಲುಗಿನಲ್ಲಿ ಕೂಗಿ, ಕೊನೆಗೆ "ಆಲಸಿಂಚಿನ ಆಶಾಭಂಗಂ", ತಡಮಾಡಿದರೆ ನಿರಾಸೆ ಖಂಡಿತ, ಎಂದು ಎಳೆಯುತ್ತೇನೆ. ಕರ್ನಾಟಕದ ಗಡಿಯ ಕಡೆಯ ಹಳ್ಳಿಗಳಿಗೆ ಹೋಗುವ ಆಟೋಗಳಿಗೆ ಕನ್ನಡದಲ್ಲಿ. ಮೈಕ್ ಸೆಟ್ ಅಂಗಡಿಯ ಜಯಚಂದ್ರಣ್ಣ ತನ್ನ ಗೋಡೌನಿನ ಮೂಲೆಯಲ್ಲಿ ಹಳೆಯ ಕಂಬಳಿಗಳನ್ನು ನೇತುಹಾಕಿ, ಅದಕ್ಕೆ ಸ್ಟುಡಿಯೋ ಅಂತ ಹೆಸರಿಟ್ಟಿದ್ದಾನೆ. ಒಂದು ಸಲ ಕೂಗಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ನಾನು ಮನೆಯಲ್ಲಿ ಮಲಗಿದ್ದರೂ ನನ್ನ ಬಾಯಿ ಊರೆಲ್ಲ ಸುತ್ತುತ್ತಿರುತ್ತದೆ.

ಈ ಕೆಲಸದಿಂದ ನನಗೊಂದು ಚಟ ಹತ್ತಿದೆ. ಯಾರು ಮಾತಾಡಿದರೂ ಏನು ಹೇಳಿದರು ಅನ್ನುವುದಕ್ಕಿಂತ ಮೊದಲು ಯಾವ ಧಾಟಿಯಲ್ಲಿ ಹೇಳಿದರು ಅನ್ನುವುದು ಕಿವಿಗೆ ಬೀಳುತ್ತದೆ. ನಿಂಬೆಹಣ್ಣು ಮಾರುವವನು ಎಲ್ಲಿ ಉಸಿರು ಹಿಡಿಯುತ್ತಾನೆ, ಕಂಡಕ್ಟರು ಊರಿನ ಹೆಸರನ್ನು ಯಾಕೆ ಅರ್ಧಕ್ಕೇ ನುಂಗುತ್ತಾನೆ, ಇಂಥವನ್ನೆಲ್ಲ ಯೋಚಿಸುತ್ತ ಎಷ್ಟೋ ಸಲ ಇಳಿಯುವ ಸ್ಟಾಪು ದಾಟಿದ್ದೇನೆ. "ಬೇರೆಯವರ ಬಾಯಲ್ಲಿ ನಿನಗೇನು ಕೆಲಸ?" ಎಂದು ಅಮ್ಮ ಬೈಯುತ್ತಾಳೆ. ಇದೆ, ಏನು ಮಾಡಲಿ?

ಸಂಕ್ರಾಂತಿ ಕಳೆದ ಮೇಲೆ ಅಜ್ಜಿಯ ಫೋನು ಬಂತು. ಅಜ್ಜಿ ಅಂದರೆ ನಮ್ಮಪ್ಪನ ತಾಯಿ, ನರಸಕ್ಕ. ಹಿಂದೂಪುರದಿಂದ ಚಿಲಮತ್ತೂರಿಗೆ ಹೋಗುವ ದಾರಿಯಲ್ಲಿ ಅವರ ಎಲೆತೋಟವಿದೆ. ವೀಳ್ಯದೆಲೆಯ ತೋಟ. ದೀಪಾವಳಿಯ ಹೊತ್ತಿಗೆ ನಮ್ಮ ತಾತ ಮುತ್ಯಾಲಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾಲು ಅಷ್ಟಿಷ್ಟು ಏಳುತ್ತಿತ್ತು. ಮಾತು ಮಾತ್ರ ಪೂರ್ತಿ ನಿಂತಿತ್ತು.

"ಮದುವೆ ಸೀಜನ್ನು ಕಣಮ್ಮ. ಎಲೆ ಬಲ್ತು ಹೋಯ್ತಾ ಐತೆ, ಕೀಳಕ್ಕೆ ಜನ ಸಿಗಾಕಿಲ್ಲ. ನಾಕ್ ದಿನ ಬತ್ತೀಯಾ?" ಅಂದಳು.

"ಬತ್ತೀನಜ್ಜಿ" ಅಂದೆ. ಬಸ್ಸು ಹೆಂಗಸರಿಗೆ ಫ್ರೀ, ನನ್ನ ಧ್ವನಿ ಪೆನ್‌ಡ್ರೈವಿನಲ್ಲಿ ಭದ್ರ. ಬಟ್ಟೆ ತುಂಬಿಕೊಂಡು ಹೊರಟೆ.

ನಿಜ ಹೇಳುತ್ತೇನೆ, ನನ್ನನ್ನು ಎಳೆದದ್ದು ಎಲೆಯಲ್ಲ, ತಾತನ ಮಾತು ಎಲ್ಲಿಗೆ ಹೋಯಿತು ಅನ್ನುವ ಕುತೂಹಲ. ಆ ಮನುಷ್ಯನದು ಎಂಥ ಗಂಟಲು ಗೊತ್ತೆ? ಬೆಳಗಿನ ಹೊತ್ತು ಹಿಂದೂಪುರದ ಎಲೆ ಮಂಡಿಯಲ್ಲಿ ಎಲ್ಲರ ಗದ್ದಲದ ಮೇಲೆ ಅವನ ಗಂಟಲು ಏಳುತ್ತಿತ್ತು. ನನಗೆ ಈ ಧ್ವನಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅವನನ್ನೇ. ಅಂಥ ಧ್ವನಿ ಒಂದೇ ಬೆಳಗ್ಗೆ ಇಲ್ಲವಾಗುತ್ತದೆ ಅಂದರೆ ಅದು ಎಲ್ಲೋ ಇರಲೇಬೇಕು ಅನ್ನಿಸುತ್ತಿತ್ತು.

ತೋಟದ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಹೋದೆ. ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಒಳಗೆ ಅಗಸೆ ಮರಗಳ ಸಾಲು, ಒಂದೊಂದು ಮರಕ್ಕೂ ತಬ್ಬಿಕೊಂಡ ಬಳ್ಳಿ, ಸಾಲಿನ ನಡುವೆ ನೀರಿನ ಕಾಲುವೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು, ಖಾರದ ಒಂದು ವಾಸನೆ. ತಾತ ನಡುಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎಡಗೈ ಎತ್ತಿದ. ತುಟಿ ಅಲ್ಲಾಡಿತು. ಏನೂ ಬರಲಿಲ್ಲ.

ಅಲ್ಲೇ ದೊಡ್ಡಪ್ಪನೂ ಇದ್ದ. ನಮ್ಮಪ್ಪನ ಅಣ್ಣ ಆದಿನಾರಾಯಣ. ಹಿಂದೂಪುರದಲ್ಲಿ ಟೈರ್ ಅಂಗಡಿ, ಅಂಗಡಿಯ ಮೇಲೇ ಮನೆ. ನನ್ನನ್ನು ಪಕ್ಕಕ್ಕೆ ಕರೆದ.

"ನೋಡು ಹರಿತಾ, ಇವ್ನನ್ನ ಇಲ್ಲಿಂದ ಎಬ್ಬಿಸಕ್ಕೆ ನಂಗೇನು ಆಸೆನಾ? ಅವ್ವ ಆ ತುದೀಲಿ ಏಣಿ ಮ್ಯಾಲಿರ್ತಾಳೆ, ಅಪ್ಪ ಇಲ್ಲಿ ಕುರ್ಚಿ ಮ್ಯಾಲೆ. ಹಾವು ಬಂತು ಅನ್ಕೋ. ಬಿದ್ದೋದ ಅನ್ಕೋ. ಕೂಗಕ್ಕೆ ಬಾಯಿ ಬೇಡ್ವಾ? ಒಂದೇ ಒಂದು ಸಲ ಅವ್ವನ್ನ ಕೂಗಿ ಕರೀಲಿ, ನಾನು ಈ ಮಾತೇ ಎತ್ತಕಿಲ್ಲ. ಇಲ್ಲ ಅಂದ್ರೆ ಹುಣ್ಣಿಮೆ ಕಳೀತಿದ್ದಂಗೆ ಟೆಂಪೋ ತತ್ತೀನಿ. ಇಬ್ರೂ ಟೌನಿಗೆ ಬರ್ಲಿ. ತೋಟ ಗುತ್ತಿಗೆಗೆ ಕೊಟ್ಬುಡಾಣ."

"ಕುರ್ಚಿಗೆ ಒಂದು ಗಂಟೆ ಕಟ್ಟಿದ್ರೆ?" ಅಂದೆ.

"ಕಟ್ಟಿದ್ದೆ ಕಣಮ್ಮ. ಎಡಗೈಯಾಗೇ ಕಿತ್ತು ಕಾಲುವೆಗೆ ಎಸ್ದ. ಎಮ್ಮೆ ಕತ್ತಿಗೆ ಕಟ್ಟೋದನ್ನ ನಂಗೆ ಕಟ್ತೀಯಾ ಅನ್ನಂಗೆ ನೋಡ್ದ."

ಟೆಂಪೋ ಅನ್ನುವ ಮಾತು ಕೇಳಿಸಿತೋ ಏನೋ, ತಾತ ಎಡಗೈ ಚಾಚಿ ಪಕ್ಕದ ಅಗಸೆ ಮರವನ್ನು ಹಿಡಿದುಕೊಂಡ. ಎಳೆಯ ಮಕ್ಕಳು ಸ್ಕೂಲಿನ ಗೇಟು ಹಿಡಿದುಕೊಳ್ಳುತ್ತವಲ್ಲ, ಹಾಗೆ. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಒಳಗೆ ಹೋಗುವ ದಾರಿ ಸರಿಯಿತ್ತು, ಹೊರಗೆ ಬರುವ ದಾರಿ ಮುಚ್ಚಿತ್ತು.

ಮಾರನೆಯ ದಿನ ಹಿಂದೂಪುರದ ಆಸ್ಪತ್ರೆಗೆ ಹೋಗುವ ಸರದಿ ಇತ್ತು. ಅಲ್ಲಿ ಮಾತು ಕಲಿಸುವ ಶೋಭಾರಾಣಿ ಮೇಡಂ ವಾರಕ್ಕೊಮ್ಮೆ ಬರುತ್ತಾರೆ. ಒಳ್ಳೆಯ ಹೆಂಗಸು, ತಾಳ್ಮೆಯವರು. ಹಸು, ಲೋಟ, ಬಾಳೆಹಣ್ಣಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ತಾತ ಬಾಳೆಹಣ್ಣನ್ನು ನೋಡಿ, ಇದನ್ನು ಗುರುತು ಹಿಡಿಯೋಕೆ ನನ್ನನ್ನು ಇಷ್ಟು ದೂರ ಕರೆತಂದಿರಾ ಅನ್ನುವ ಹಾಗೆ ನನ್ನ ಕಡೆ ತಿರುಗಿದ. ಕೊನೆಗೆ ಮೇಡಂ ಅಜ್ಜಿಯನ್ನು ಎದುರಿಗೆ ಕೂರಿಸಿ, "ತಾತಾ, ಈಮೆ ಎವರು? ಪೇರು ಚೆಪ್ಪಂಡಿ" ಅಂದರು. ಇವರು ಯಾರು, ಹೆಸರು ಹೇಳಿ ಅಂತ. ಹೆಂಡತಿಯ ಹೆಸರು ಎಲ್ಲಕ್ಕಿಂತ ಆಳದಲ್ಲಿರುತ್ತದೆ, ಅದು ಮೊದಲು ಬರುತ್ತದೆ ಎಂದು ನನಗೆ ವಿವರಿಸಿದರು. ನಾನೂ ಸೇರಿಕೊಂಡೆ. "ನರಸಕ್ಕ ಅನ್ನು ತಾತ. ನ... ನರ..." ತಾತ ಗೋಡೆ ನೋಡಿದ. ಅಜ್ಜಿಯ ಮುಖ ಕೆಂಪೇರಿತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ.

ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಗೊತ್ತಾಯಿತು, ಅವಳು ನಗುತ್ತಿದ್ದಳು.

"ಅಲ್ಲಾ ಕಣಮ್ಮ, ನಿಮಗೇನು ಬುದ್ಧಿಗಿದ್ದಿ ಐತಾ? ಬಾಯಿ ನೆಟ್ಟಗಿದ್ದಾಗ್ಲೇ ಒಂದಿನ ನನ್ನ ಹೆಸ್ರು ಹಿಡ್ದು ಕರೆದೋನಲ್ಲ. ಈಗ ಆಯಮ್ಮನ ಮುಂದೆ ಕರೀತಾನಾ?"

"ಮತ್ತೆ ಏನಂತ ಕರೀತಿದ್ದ?"

"ಏನೂ ಇಲ್ಲ."

"ಏನೂ ಇಲ್ಲದೆ ಹೆಂಗಜ್ಜಿ? ಇಷ್ಟು ವರ್ಷ ಸಂಸಾರ ಮಾಡಿದ್ದೀರಿ!"

"ಮನೇಲಿ ಕೆಮ್ತಿದ್ದ. ಸಂತೇಲಾದ್ರೆ ಬೇರೆಯೋರ್ನ ಮಾತಾಡಿಸ್ತಾ ಜೋರಾಗಿ ನಗ್ತಿದ್ದ, ನಾನು ತಿರುಗಿ ನೋಡ್ತಿದ್ದೆ. ಸಾಕಾಗಿತ್ತು ಬಿಡು."

ನನಗೆ ನಗು ಬಂತು, ಸಿಟ್ಟೂ ಬಂತು. ಎರಡೂವರೆ ತಿಂಗಳಿಂದ ಮೂರು ಮನೆಯವರೂ ಒಂದು ಆಸ್ಪತ್ರೆಯವರೂ ಸೇರಿ ಆ ಮನುಷ್ಯನ ಬಾಯಿಂದ ಅವನು ಜನ್ಮದಲ್ಲಿ ಆಡದ ಮಾತನ್ನು ಹೊರಡಿಸಲು ಹೆಣಗಿದ್ದೆವು. ಹುಡುಕಬೇಕಾದದ್ದು ಅವನ ಬಾಯಿಗೆ ರೂಢಿಯಿದ್ದ ಮಾತು. ಅದು ಯಾವುದು? ಬಸ್ಸಿನಲ್ಲಿ ಪೂರ್ತಿ ಅದನ್ನೇ ಯೋಚಿಸಿದೆ. ತಾತ ಮಾತಾಡಿದ್ದೇ ಕಡಿಮೆ, ಕೂಗಿದ್ದೇ ಹೆಚ್ಚು ಅನ್ನುವುದು ಮಾತ್ರ ಹೊಳೆಯಿತು.

ಎಲೆ ಕೀಳುವ ಕೆಲಸ ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ಹೆಬ್ಬೆರಳಿಗೆ ತಗಡಿನ ಒಂದು ಉಗುರು ಹಾಕಿಕೊಂಡು, ಬಿದಿರಿನ ಏಣಿಯನ್ನು ಅಗಸೆ ಮರಕ್ಕೆ ಒರಗಿಸಿ, ಮೇಲೆ ಹತ್ತಿ, ತೊಟ್ಟು ಉಳಿಯುವಂತೆ ಒಂದೊಂದೇ ಎಲೆ ಚಿವುಟಬೇಕು. ಬಳ್ಳಿ ಎಳೆದರೆ ಕೆಟ್ಟಿತು. ಮೊದಲು ಮೇಲಿರುತ್ತಿದ್ದವನು ತಾತ, ಕೆಳಗೆ ಎಲೆ ಹಿಡಿಯುತ್ತಿದ್ದವಳು ಅಜ್ಜಿ. ಈಗ ಅಜ್ಜಿ ಸೀರೆ ಎತ್ತಿ ಕಟ್ಟಿ ಏಣಿ ಹತ್ತುತ್ತಿದ್ದಳು. ನಾನು ಹತ್ತುತ್ತೇನೆ ಅಂದರೆ "ನೀನು ಬಳ್ಳೀನೆಲ್ಲ ಕಿತ್ತಾಕ್ಬುಡ್ತೀಯಾ" ಎಂದು ಬಿಡುತ್ತಿರಲಿಲ್ಲ. ನನಗೆ ಕೊಟ್ಟದ್ದು ಎಲೆ ಎಣಿಸುವ ಕೆಲಸ. ಐದೈದು ಎಲೆ ಜೋಡಿಸಿ ಒಂದು ಹಿಡಿ, ಅಂಥ ಇಪ್ಪತ್ತು ಹಿಡಿ ಆದರೆ ಒಂದು ಕಟ್ಟು.

ತಾತನ ಕುರ್ಚಿಯ ಪಕ್ಕದಲ್ಲೇ ಒದ್ದೆ ಗೋಣಿಚೀಲ ಹಾಸಿಕೊಂಡು ಕೂತೆ. ಐದು ಎಲೆ ಜೋಡಿಸಿ ಇಟ್ಟು, "ಒಂದು" ಅಂದೆ. ಇನ್ನೈದು ಇಟ್ಟು, "ಎರಡು" ಅಂದೆ. ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ತಾತ ನನ್ನ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದ. ಆ ಕಟ್ಟು ಮುಗಿಸಿ, ಇನ್ನೊಂದಕ್ಕೆ ಐದು ಎಲೆ ತೆಗೆದು ಮತ್ತೆ "ಒಂದು" ಅಂದೆ.

"ಲಾಭ!"

ನನ್ನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಮಂಡಿಯ ಗದ್ದಲದ ಮೇಲೆ ಏಳುತ್ತಿದ್ದ ಅದೇ ಗಂಟಲು, ಸ್ವಲ್ಪ ತುಕ್ಕು ಹಿಡಿದಿತ್ತು ಅಷ್ಟೆ. ತಾತನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಎಡಗೈಯಿಂದ ನನ್ನ ಗೋಣಿಯ ಮೇಲಿದ್ದ ಎಲೆಯನ್ನು ತಾನೇ ಎತ್ತಿ ಬಡಿದಿಟ್ಟ. "ಲಾಭ... ಎರಡೂ... ಮೂರೂ... ನಾಕೂ..." ಒಂದಾದ ಮೇಲೊಂದು, ತಡವರಿಸದೆ, ಹಾಡಿನ ಹಾಗೆ ಇಪ್ಪತ್ತರವರೆಗೆ ಹೋಗಿ, "ಇಪ್ಪತ್ತಾಯ್ತೂ" ಎಂದು ಎಳೆದು ನಿಲ್ಲಿಸಿದ. ನಿಲ್ಲಿಸಿದ ಮೇಲೆ ಅವನೇ ಬೆಚ್ಚಿಬಿದ್ದ.

ಅಜ್ಜಿ ಏಣಿಯಿಂದ ಹೇಗೆ ಇಳಿದಳೋ ಗೊತ್ತಿಲ್ಲ, ಬಂದು ನಿಂತಿದ್ದಳು. ಬಾಯಿ ತೆರೆದುಕೊಂಡೇ ಇತ್ತು.

"ಏನ್ ಮಾಡ್ದೆ ಅವ್ನಿಗೆ?"

"ಎಲೆ ಎಣಿಸ್ದೆ ಅಜ್ಜಿ. ಒಂದು ಅಂದೆ, ಅಷ್ಟೇ."

"ಅಯ್ಯೋ ದೇವುಡಾ! ಎಲೆ ಎಣಿಸೋವಾಗ ಒಂದು ಅಂತಾರೇನೇ? ಮೊದಲನೇದು ಲಾಭ. ಕಾಳು ಅಳದ್ರೂ ಅಷ್ಟೇ, ಎಲೆ ಎಣಿಸಿದ್ರೂ ಅಷ್ಟೇ. ಲಾಭ ಅಂದು ಆಮೇಲೆ ಎರಡು ಅನ್ಬೇಕು. ಟೌನಾಗೆ ಬೆಳೆದೋಳು, ನಿಂಗೇನು ಗೊತ್ತು" ಎಂದು ಬೈಯುತ್ತ ಬೈಯುತ್ತ ಅತ್ತಳು. ನಾನೂ ಅತ್ತೆ. ನನ್ನ ತಪ್ಪಿಗೆ ಇಷ್ಟು ಖುಷಿಪಟ್ಟದ್ದು ಅದೇ ಮೊದಲು.

ಫೋನು ಮಾಡಿದ್ದೇ ತಡ, ದೊಡ್ಡಪ್ಪ ಅಂಗಡಿ ಬಿಟ್ಟು ಬೈಕಿನಲ್ಲಿ ಬಂದ. ಅವನ ಮುಂದೆ ನಾನು ಮತ್ತೆ ಬೇಕಂತಲೇ "ಒಂದು" ಅಂದೆ, ತಾತ ಮತ್ತೆ ರೇಗಿ ಇಪ್ಪತ್ತರವರೆಗೆ ಹೋದ. ದೊಡ್ಡಪ್ಪ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ. "ಅಪ್ಪಾ, ನೀರು ಬೇಕಾ? ನೀರು ಅನ್ನು" ಅಂದ. ಇಲ್ಲ. "ಬಾ ಅನ್ನು." ಇಲ್ಲ. "ಹೋಗ್ಲಿ, ಮೂರು ಅಂತ ಮಾತ್ರ ಅನ್ನು." ತಾತ ಕಷ್ಟಪಟ್ಟು ಬಾಯಿ ತೆರೆದ. ಮೂರು ಬರಬೇಕಾದರೆ ಲಾಭದಿಂದ ಹೊರಡಬೇಕು. ಹೊರಟರೆ ಮೂರರಲ್ಲಿ ನಿಲ್ಲಲಾಗದು, ಇಪ್ಪತ್ತು ಮುಟ್ಟಿಯೇ ನಿಲ್ಲಬೇಕು. ನಾನು ಶೋಭಾರಾಣಿ ಮೇಡಂಗೆ ಫೋನು ಮಾಡಿ ಕೇಳಿದೆ. ಹೀಗಾಗುವುದುಂಟು, ಎಣಿಕೆ, ಭಜನೆ, ಬೈಗುಳ ಇವೆಲ್ಲ ಉಳಿದುಕೊಳ್ಳುತ್ತವೆ, ಅವು ತಮ್ಮಷ್ಟಕ್ಕೆ ಓಡುತ್ತವೆ, ಬೇಕೆಂದು ಆಡುವ ಮಾತು ಬೇರೆ ಎಂದರು. ಆದರೂ ಅವರ ದನಿಯಲ್ಲಿ ಸಂತೋಷವಿತ್ತು.

"ಇದನ್ನೆಲ್ಲ ಓದೋಕೆ ಎಷ್ಟು ವರ್ಷ ಬೇಕು ಮೇಡಂ?" ಅಂತಲೂ ಕೇಳಿದೆ.

"ಇಂಟರ್‌ನಲ್ಲಿ ಸೈನ್ಸಾ ನೀನು?"

"ಆರ್ಟ್ಸು" ಅಂದೆ. ಇಂಟರ್ ಅಂದರೆ ನಿಮ್ಮ ಕಡೆಯ ಪಿಯುಸಿ.

ಅವರು ನಕ್ಕು ಫೋನಿಟ್ಟರು. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಇಳಿಯಲಿಲ್ಲ.

ದೊಡ್ಡಪ್ಪನ ಮುಖ ಮಾತ್ರ ಬಾಡಿಹೋಗಿತ್ತು. "ಎಣಿಕೆ ಹೇಳಿದ್ರೆ ಹಾವು ಹೋಯ್ತದಾ ಹರಿತಾ?" ಅಂದ. "ಅದೂ ನೀನು ಪಕ್ಕದಾಗೆ ಕುಂತು ಕೆಣಕ್ಬೇಕು. ಹುಣ್ಣಿಮೆಗೆ ಟೆಂಪೋದೋನಿಗೆ ಹೇಳೀನಿ."

ನನಗೆ ಹಟ ಬಂತು. ಧಾಟಿಯ ಮೇಲೆ ಮಾತು ಸವಾರಿ ಮಾಡುತ್ತದೆ ಅನ್ನುವುದು ನನ್ನ ಹೊಟ್ಟೆಪಾಡಿನ ವಿದ್ಯೆ. ಸೀರೆ ಮಾರಿದ ಧಾಟಿಯಲ್ಲೇ ನಾನು ಕೋಳಿ ಮಾರುತ್ತೇನೆ. ಎಣಿಕೆಯ ಧಾಟಿಗೆ ಬೇರೆ ಮಾತು ಕೂರಿಸಿದರೆ ಬರಬಾರದೇಕೆ? "ಲಾಭ, ಎರಡು, ನೀರು" ಎಂದು ಹಾಡಿ ತೋರಿಸಿದೆ. ತಾತ ನನ್ನನ್ನು ನೋಡಿ, ಪಾಪ ಹುಡುಗಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ಅಜ್ಜಿಯ ಕಡೆ ಕಣ್ಣು ತಿರುಗಿಸಿದ. ನನ್ನ ಧ್ವನಿಯಲ್ಲಿ "ಲಾಭ" ರೆಕಾರ್ಡ್ ಮಾಡಿ ಫೋನಿನಲ್ಲಿ ಕೇಳಿಸಿದೆ. ಕಲ್ಯಾಣದುರ್ಗದ ಜನರನ್ನೆಲ್ಲ ಅಂಗಡಿಗೆ ಎಳೆಯುವ ಧ್ವನಿ, ಆದರೆ ತಾತ ಆಕಳಿಸಿದ. ಎರಡು ದಿನ ಹೀಗೇ ಕಳೆಯಿತು. ನನಗೆ ಅಳುವೇ ಬರುವ ಹಾಗಾಯಿತು. ನನ್ನ ವಿದ್ಯೆ ಮಾರಾಟಕ್ಕೆ ಸರಿ, ಸ್ವಂತ ತಾತನಿಗೆ ಉಪಯೋಗವಿಲ್ಲ ಅನ್ನಿಸಿತು.

ಮೂರನೆಯ ದಿನ ಎಣಿಸುತ್ತಿದ್ದಾಗ ಜಯಚಂದ್ರಣ್ಣನ ಫೋನು ಬಂತು. ತೋಟದೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಗಾಳಿಗೆ ಹಾರದಿರಲಿ ಎಂದು ಜೋಡಿಸಿದ್ದ ಎಲೆಗಳನ್ನು ತಾತನ ತೊಡೆಯ ಮೇಲಿಟ್ಟು ಬೇಲಿಯ ಹತ್ತಿರ ಓಡಿದೆ. ಹೊಸ ಬೇಕರಿಯ ಹೆಸರನ್ನು ಹೇಗೆ ಕೂಗಬೇಕು ಎಂದು ಅವನು ವಿವರಿಸುತ್ತಿದ್ದಾಗ ಹಿಂದಿನಿಂದ "ಲಾಭ!" ಕೇಳಿಸಿತು.

ಅಜ್ಜಿ ಕೆಣಕಿದಳೇನೋ ಎಂದು ನೋಡಿದರೆ, ಅವಳು ಆ ಕೊನೆಯ ಸಾಲಿನಲ್ಲಿದ್ದಳು. ತಾತನ ಹತ್ತಿರ ಯಾರೂ ಇಲ್ಲ. ಓಡಿ ಬಂದೆ. ಅವನ ಎಡಗೈಯಲ್ಲಿ ಒಂದು ಎಲೆ ಇತ್ತು, ಎಣಿಕೆ ಆರಕ್ಕೆ ಬಂದಿತ್ತು.

ಎಣಿಕೆ ಮುಗಿಯಲು ಬಿಟ್ಟು, ಎಲೆಯನ್ನು ಕಿತ್ತುಕೊಂಡೆ. ತಾತ ಬಾಯಿ ತೆರೆದ, ಏನೂ ಇಲ್ಲ. ಎಲೆ ಕೊಟ್ಟೆ. ಬೆರಳು ಅದರ ಬೆನ್ನನ್ನು ಸವರಿ, ತೊಟ್ಟನ್ನು ಮುಟ್ಟಿತು. "ಲಾಭ!" ಮತ್ತೆ ಕಿತ್ತುಕೊಂಡೆ, ಮತ್ತೆ ಕೊಟ್ಟೆ. ಪ್ರತಿ ಸಲವೂ ಬಂತು. ಮಾತು ಬಾಯಲ್ಲಿದೆ ಎಂದು ನಾವೆಲ್ಲ ಅಲ್ಲಿ ಹುಡುಕಿದ್ದೆವು, ಅದು ಕೈಯಲ್ಲಿ ಕೂತಿತ್ತು! ನೀರು ಎನ್ನಲು, ಬಾ ಎನ್ನಲು ಯಾಕೆ ಕಲಿಸಬೇಕು? ಕರೆಯಲು ಬಾ ಎನ್ನುವ ಮಾತೇ ಬೇಕೇ? ಕೆಮ್ಮಿದರೆ ಬರುತ್ತಿದ್ದವಳು, ಜೋರಾಗಿ ನಕ್ಕರೆ ತಿರುಗುತ್ತಿದ್ದವಳು, "ಲಾಭ" ಅಂತ ಕೂಗಿದರೆ ಬರುವುದಿಲ್ಲವೇ?

ಮಣ್ಣಿನಲ್ಲೇ ಅವನ ಕಾಲ ಬಳಿ ಕೂತು ಹೇಳಿದೆ. "ತಾತ, ತೊಡೆ ಮೇಲೆ ಯಾವಾಗ್ಲೂ ನಾಕು ಎಲೆ ಇಟ್ಟಿರ್ತೀನಿ. ನಿಂಗೆ ಯಾರಾದ್ರೂ ಬೇಕು ಅಂದಾಗ ಒಂದು ಎಲೆ ಎತ್ತು. ನಾವು ಓಡಿ ಬತ್ತೀವಿ."

ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ನಾನು ನೀರು ತಿರುಗಿಸಲು ಕಾಲುವೆಯ ತುದಿಗೆ ಹೋಗಿದ್ದೆ, ಕರೆ ಬಂತು. ಓಡಿದೆ. ಕುರ್ಚಿಯ ಕೆಳಗೆ ಬಿದ್ದಿದ್ದ ಟವೆಲ್ ತೋರಿಸಿದ. ಕೊಟ್ಟು ಹೋದೆ. ಮತ್ತೆ ಕರೆ. ಓಡಿದೆ. ಏನೂ ಇಲ್ಲ, ಸುಮ್ಮನೆ ನಗುತ್ತಿದ್ದಾನೆ. ಮೂರನೆಯ ಸಲವೂ ಹೀಗೇ ಓಡಿಸಿದ. "ಬಾಲ ಬಿಚ್ಚಬೇಡ ತಾತ!" ಎಂದು ಗದರಿದೆ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ನಗುವೂ ನಿಂತಿರಲಿಲ್ಲ. ಎಷ್ಟು ದಿನದ ಮೇಲೆ ಅವನು ಕರೆದದ್ದಕ್ಕೆ ಒಬ್ಬರು ಬಂದಿದ್ದರು.

ಹುಣ್ಣಿಮೆ ಕಳೆದ ಮಾರನೆಯ ದಿನ ದೊಡ್ಡಪ್ಪ ಟೆಂಪೋದಲ್ಲೇ ಬಂದ. ನಾನು ಫೋನಿನಲ್ಲಿ ಏನೂ ಹೇಳಿರಲಿಲ್ಲ, ಎದುರಿಗೇ ತೋರಿಸಬೇಕೆಂದು ಕಾದಿದ್ದೆ. ಅಜ್ಜಿಗೂ ಹೇಳಬೇಡ ಎಂದು ತಾತನಿಗೆ ಸನ್ನೆ ಮಾಡಿದ್ದೆ. ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ ಅನ್ನುವುದು ಬೇರೆ ಮಾತು. ಅಜ್ಜಿ ಕೊನೆಯ ಸಾಲಿನಲ್ಲಿ ಏಣಿಯ ಮೇಲಿದ್ದಳು. ತಾತನ ತೊಡೆಯ ಮೇಲೆ ಎಲೆ ಇದ್ದವು.

"ದೊಡ್ಡಪ್ಪ, ಇಲ್ಲೇ ನಿಂತ್ಕೋ. ತಾತ ಈಗ ಅಜ್ಜೀನ ಕರೀತಾನೆ. ಕೇಳಿ ಅವಳು ಬತ್ತಾಳೆ. ಬಂದ್ರೆ ಟೆಂಪೋ ವಾಪಸ್ ಹೋಗ್ಬೇಕು."

"ಆಗ್ಲಿ" ಅಂದ ದೊಡ್ಡಪ್ಪ. ಅವನು ಸೋಲಬೇಕೆಂಬ ಆಸೆ ನನಗಿಂತ ಅವನಿಗೇ ಹೆಚ್ಚಿತ್ತು.

"ತಾತ, ಕರಿ" ಅಂದೆ.

ತಾತ ಒಂದು ಎಲೆ ಎತ್ತಿದ. ನೋಡಿದ. ತೊಡೆಯ ಮೇಲೆ ಇಟ್ಟುಬಿಟ್ಟ.

"ಕರಿ ತಾತ!"

ಬಾಯಿ ಬಿಗಿದುಕೊಂಡು ಕೂತ. ನಾನು ಎಲೆಯನ್ನು ಕೈಗೆ ತುರುಕಿದೆ, ಅವನು ಮುಷ್ಟಿ ಬಿಗಿದು ಎಲೆಯನ್ನು ಹಿಂಡಿದ. ನನಗೆ ಪಿತ್ತ ನೆತ್ತಿಗೇರಿತು. ಮೂರು ಸಲ ಸುಮ್ಮಸುಮ್ಮನೆ ನನ್ನನ್ನು ಓಡಿಸಿದವನು, ತನ್ನ ತೋಟ ಉಳಿಯುವ ಹೊತ್ತಿಗೆ ಹಟ ಹಿಡಿದಿದ್ದಾನೆ. "ಬೇಕಂತಲೇ ಮಾಡ್ತಿದ್ದೀಯಲ್ಲ? ಹೋಗು, ಟೈರ್ ಅಂಗಡಿ ಮೇಲೆ ಕೂತ್ಕೋ ಹೋಗು!" ಎಂದು ಕೂಗಾಡಿದೆ. ದೊಡ್ಡಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ಬಿಡಮ್ಮ" ಅಂದ. ಟವೆಲಿನಿಂದ ಮುಖ ಒರೆಸಿಕೊಂಡ. ಟೆಂಪೋದವನನ್ನು ಕರೆದು ಹಾಸಿಗೆ ಹೊರಗೆ ತರಲು ಹೇಳಿದ. ನಾನು ಕುರ್ಚಿಯ ಮುಂದೆ ಮಂಡಿಯೂರಿ ತಾತನ ಬಾಯಿಯನ್ನೇ ನೋಡುತ್ತಿದ್ದೆ. ಈಗಲಾದರೂ ತೆರೆಯಲಿ, ಈಗಲಾದರೂ.

ತಾತ ನನ್ನನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ನನ್ನ ತಲೆಯ ಮೇಲಿಂದ ದಾಟಿ ಕೊನೆಯ ಸಾಲಿನಲ್ಲಿ ನೆಟ್ಟಿತ್ತು.

"ಲಾಭ!"

ಅವನ ಕೈಯಿಂದ ಹಿಂಡಿದ ಎಲೆ ಯಾವಾಗಲೋ ಬಿದ್ದುಹೋಗಿತ್ತು. ಖಾಲಿ ಕೈ ಮುಂದಕ್ಕೆ ಚಾಚಿತ್ತು. "ಲಾಭ! ಎರಡು! ಮೂರು!" ಹಾಡಿನ ಧಾಟಿ ಇರಲಿಲ್ಲ, ಒಂದೊಂದೂ ಒಂದೊಂದು ಕೂಗು. ತಿರುಗಿ ನೋಡಿದೆ. ಅಜ್ಜಿ ಏಣಿಯ ಮೇಲೆ ಅಗಸೆ ಮರಕ್ಕೆ ಹಣೆ ಕೊಟ್ಟು ನಿಂತಿದ್ದಳು. ಕೈ ಎಲೆಯ ಮೇಲಿರಲಿಲ್ಲ, ಮರವನ್ನು ತಬ್ಬಿತ್ತು. ಒಂದು ಕಾಲು ಮೆಟ್ಟಿಲು ತಪ್ಪಿ ತೂಗುತ್ತಿತ್ತು.

ದೊಡ್ಡಪ್ಪ ಕಾಲುವೆ ಹಾರಿ ಓಡಿದ. ಅವನು ಹೋಗಿ ಏಣಿ ಹಿಡಿಯುವ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟಿದ್ದಳು. ಕೂಗು ಅವಳನ್ನು ಎಬ್ಬಿಸಿತ್ತು. ಮೆಲ್ಲಗೆ ಇಳಿದಳು. ಮಗನ ಕೈ ಕೊಡವಿ, ಸೆರಗು ಸರಿ ಮಾಡಿಕೊಂಡು, ಕರೆ ಬಂದ ಕಡೆಗೆ ನಡೆದು ಬಂದಳು. ತಾತನ ಎಣಿಕೆ ಓಡುತ್ತಲೇ ಇತ್ತು. "ಒಂಬತ್ತು! ಹತ್ತು! ಹನ್ನೊಂದು!"

"ಬಂದೆ ಬಂದೆ. ಏನು ಹಂಗೆ ಬಡ್ಕೋತೀಯಾ?" ಎಂದು ಎದುರಿಗೆ ನಿಂತಳು.

ಹನ್ನೊಂದರಲ್ಲಿ ಎಣಿಕೆ ನಿಂತಿತು. ಒಮ್ಮೆಯೂ ನಡುವೆ ನಿಲ್ಲದ ಎಣಿಕೆ. ತಾತನ ಗಂಟಲು ಉಬ್ಬಿತು, ತುಟಿ ಎಡಕ್ಕೆ ಎಳೆಯಿತು, ಹಣೆಯ ನರ ಎದ್ದು ನಿಂತಿತು.

"ಸಾಕು" ಅಂದ.

ದೊಡ್ಡಪ್ಪ ಕಾಲುವೆ ದಾಟಿ ಈ ಕಡೆ ಓಡಿ ಬಂದ.

"ಸಾಕು. ಕುಂ... ಕುಂತ್ಕ."

ಅಜ್ಜಿ ಸುತ್ತ ನೋಡಿದಳು. ತೋಟದಲ್ಲಿ ಅವಳು ಕೂರುವ ಜಾಗ ಅಂತ ಒಂದು ಇರಲಿಲ್ಲ. ಕೊನೆಗೆ ಅವನ ಕುರ್ಚಿಯ ಪಕ್ಕ ಕಾಲುವೆಯ ಏರಿಯ ಮೇಲೆ ಕೂತಳು. ಕೂತವಳು ಕಣ್ಣು ಮುಚ್ಚಿ ಕುರ್ಚಿಯ ಕಾಲು ಹಿಡಿದುಕೊಂಡಳು.

"ಅವ್ವಾ, ತಲೆ ಸುತ್ತು ಬಂತಾ?" ದೊಡ್ಡಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇವತ್ತಿಂದಾ? ಇವ್ನು ಮಲಗಿದಾಗಿಂದ ಬತ್ತಾ ಐತೆ."

"ಯಾಕವ್ವ ಹೇಳ್ಲಿಲ್ಲ?"

"ಎಲ್ರೂ ಇವ್ನ ಬಾಯೇ ನೋಡ್ತಿದ್ರಲ್ಲಪ್ಪ" ಅಂದಳು ಅಜ್ಜಿ. "ಬಾಯಿ ಇರೋಳ್ನ ಯಾರು ಕೇಳಿದ್ರಿ?"

ದೊಡ್ಡಪ್ಪ ತಲೆ ತಗ್ಗಿಸಿದ. ನನಗೂ ಮುಖ ಎತ್ತಲಾಗಲಿಲ್ಲ. ಊರವರ ಬಾಯಲ್ಲೆಲ್ಲ ಮೂಗು ತೂರಿಸುವ ನಾನು, ಇಷ್ಟು ದಿನ ಅಜ್ಜಿಯ ಏಣಿ ಕಾಣುವ ಹಾಗೇ ಕೂತಿದ್ದೆ. ಏಣಿ ಹತ್ತುವ ಮುಂಚೆ ಅವಳು ಮರ ಹಿಡಿದು ಒಂದು ಗಳಿಗೆ ನಿಲ್ಲುವುದನ್ನು ಕಂಡೂ ಇದ್ದೆ, ದೇವರಿಗೆ ಕೈಮುಗಿಯುತ್ತಾಳೆ ಅಂದುಕೊಂಡಿದ್ದೆ. ತಾತನೊಬ್ಬನೇ ಕುರ್ಚಿಯಿಂದ ಅವಳನ್ನು ಕಾಯುತ್ತ ಕೂತಿದ್ದ. ಮರ ಹಿಡಿದುಕೊಂಡು ತೋಟ ಬಿಡುವುದಿಲ್ಲ ಅಂದವನು, ಅವಳು ಏಣಿಯಿಂದ ಇಳಿಯಲಿ ಎಂದು ತೋಟವನ್ನೇ ಬಿಡಲು ಬಾಯಿ ಬಿಗಿದುಕೊಂಡನೇ? ಕೇಳಿದೆ. ಅವನ ಕಣ್ಣು ಅಜ್ಜಿಯ ಮೇಲೇ ಇತ್ತು.

ಹಾಸಿಗೆ ಹೊರಗೆ ತಂದಿದ್ದ ಟೆಂಪೋದವನು ಏನು ಮಾಡಬೇಕು ಎಂದು ಕೇಳಿದ. "ಒಳಗಿಡಪ್ಪ" ಅಂದ ದೊಡ್ಡಪ್ಪ. ಡಾಕ್ಟರಿಗೆ ತೋರಿಸೋಣ ಬಾ ಎಂದು ಅವ್ವನನ್ನು ಕರೆದ. ಬರಲ್ಲ, ಎಲೆ ಬಲಿಯುತ್ತದೆ ಎಂದು ಅಜ್ಜಿ ಗೊಣಗಿದಳು. "ಕೀಳಕ್ಕೆ ನಾನು ಬತ್ತೀನಿ, ಅಂಗಡಿ ಹುಡುಗ್ರೂ ಬತ್ತಾರೆ, ಬಳ್ಳಿ ಹರಿದ್ರೆ ಹರೀಲಿ" ಎಂದು ದೊಡ್ಡಪ್ಪ ಅವಳನ್ನು ಎಬ್ಬಿಸಿಕೊಂಡು ಹೋಗಿ ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿದ. ಹಿಂದೂಪುರದ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುತ್ತೇವೆ ಎಂದು ಹೊರಟರು.

ತೋಟದಲ್ಲಿ ನಾನು ಮತ್ತು ತಾತ ಉಳಿದೆವು. ಟೆಂಪೋದ ಸದ್ದು ಚಿಲಮತ್ತೂರು ರಸ್ತೆಗೆ ಸೇರಿ ಕರಗಿತು. ನಾನು ತಾತನ ತೊಡೆಯ ಮೇಲೆ ಹೊಸ ಎಲೆ ಇಡಲು ಹೋದೆ. ಅವನು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ. ರಸ್ತೆಯ ಕಡೆಯೇ ನೋಡುತ್ತ, ಕಷ್ಟಪಟ್ಟು, ಒಂದೊಂದೇ ಅಕ್ಷರವನ್ನು ಎತ್ತಿ ಇಟ್ಟ.

"ಬ... ಬತ್ತಾಳಾ?"

"ಬತ್ತಾಳೆ ತಾತ" ಅಂದೆ. "ಸಂಜೆಗೆಲ್ಲ ಬತ್ತಾಳೆ."

ನನ್ನ ಮಾತನ್ನು ನಂಬದವನ ಹಾಗೆ ಅವನು ಮತ್ತೆ ಅದನ್ನೇ ಕೇಳಿದ.